ಆಸ್ಪರಾಗಸ್ ಬಳಗ: ಗುರುತಿಸುವುದು ಹೇಗೆ, ಬೆಳೆಸುವುದು ಹೇಗೆ

ಮುಂಗಾರು ಹಿಡಿದು ಹದಿನೈದು ದಿನವಾದರೆ ಸಾಕು, ವರಾಂಡದ ತೂಗುಕುಂಡದಲ್ಲಿರುವ ಆಸ್ಪರಾಗಸ್ ಗಿಡದ ಬುಡದಿಂದ ಹಸಿರು ಮೊಳಕೆಗಳು ನೆಟ್ಟಗೆ ಮೇಲೇಳುತ್ತವೆ. ತುದಿ ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ, ದಂಟಿನ ಮೈಮೇಲೆ ಅಲ್ಲಲ್ಲಿ ಸಣ್ಣ ತ್ರಿಕೋನಾಕಾರದ ಹುರುಪೆಗಳು ಅಂಟಿಕೊಂಡಿರುತ್ತವೆ. ಸೂಪರ್‌ಮಾರ್ಕೆಟ್ಟಿನಲ್ಲಿ ಕಟ್ಟು ಕಟ್ಟಾಗಿ ಮಾರುವ ದುಬಾರಿ ತರಕಾರಿಯನ್ನು ನೋಡಿದವರಿಗೆ ಇದೂ ಅದರದೇ ಎಳೆಯ ರೂಪದಂತೆ ತೋರುತ್ತದೆ. ಹೆಸರೂ ಒಂದೇ ಆಗಿರುವುದರಿಂದ ‘ಇದನ್ನೇ ಮುರಿದು ಪಲ್ಯ ಮಾಡಬಹುದಲ್ಲವೇ?’ ಎಂಬ ಪ್ರಶ್ನೆ ಹುಟ್ಟುತ್ತದೆ.

ಮಾಡಬಾರದು. ತರಕಾರಿಯಾಗಿ ತಿನ್ನುವ ಆಸ್ಪರಾಗಸ್ ಬೇರೆ, ಅಂದಕ್ಕೆ ಬೆಳೆಸುವ ಆಸ್ಪರಾಗಸ್ ಬೇರೆ. ಎರಡೂ ಒಂದೇ ಕುಲಕ್ಕೆ ಸೇರಿದ ಬೇರೆ ಬೇರೆ ಜಾತಿಗಳು. ಅದೇ ಕುಲದ ಮೂರನೆಯ ಗಿಡ ನಮ್ಮ ಕುರುಚಲು ಕಾಡಿನಲ್ಲಿ ಮುಳ್ಳುಬಳ್ಳಿಯಾಗಿ ಹಬ್ಬಿರುವ ಶತಾವರಿ. ಹೂಗುಚ್ಛದಲ್ಲಿ ಗುಲಾಬಿಯ ಹಿಂದೆ ಇಡುವ ನವಿರಾದ ಹಸಿರು ಸೊಪ್ಪು ನಾಲ್ಕನೆಯದು. ಹೀಗೆ ಹೋಟೆಲಿನ ತಟ್ಟೆ, ಗ್ರಂಧಿಗೆ ಅಂಗಡಿಯ ಡಬ್ಬಿ, ಮದುವೆ ಮಂಟಪ, ಮನೆಯ ಕುಂಡ ಎಲ್ಲೆಡೆ ಈ ಒಂದೇ ಬಳಗ ನಮ್ಮ ಸುತ್ತ ಇದೆ. ಆದರೂ ನರ್ಸರಿಗಳಲ್ಲಿ ಇವೆಲ್ಲಕ್ಕೂ ‘ಆಸ್ಪರಾಗಸ್’ ಎಂಬ ಒಂದೇ ಚೀಟಿ ಅಂಟಿಸಿ ಮಾರುವುದು ರೂಢಿ. ಕೊಳ್ಳುವವರು ಯಾವುದನ್ನು ಒಯ್ಯುತ್ತಿದ್ದೇವೆ ಎಂದು ತಾವೇ ತಿಳಿದುಕೊಳ್ಳಬೇಕಾಗುತ್ತದೆ. ಅದು ಕಷ್ಟವೇನಲ್ಲ. ಕಾಂಡ, ಮುಳ್ಳು, ಹೂವು, ಹಣ್ಣು, ಬೇರು ಈ ಐದನ್ನು ನೋಡಲು ಕಲಿತರೆ ಸಾಕು.

ಜರಿಗಿಡವಲ್ಲ, ಎಲೆಯೂ ಎಲೆಯಲ್ಲ

ಆಸ್ಪರಾಗಸ್ ಫರ್ನ್ ಎಂದು ಕರೆದರೂ ಇದು ಫರ್ನ್ ಅಲ್ಲ. ಮಲೆನಾಡಿನ ದರೆಗಳಲ್ಲಿ ಬೆಳೆಯುವ ನಿಜವಾದ ಜರಿಗಿಡ ಎಂದೂ ಹೂ ಬಿಡುವುದಿಲ್ಲ. ಅದರ ಎಲೆಯ ಅಡಿಯಲ್ಲಿ ಕಂದು ಚುಕ್ಕೆಗಳ ಸಾಲಿರುತ್ತದೆ, ಆ ಚುಕ್ಕೆಗಳೊಳಗಿನ ಬೀಜಕಣಗಳಿಂದ ವಂಶ ಬೆಳೆಯುತ್ತದೆ. ಆಸ್ಪರಾಗಸ್ ಹೂ ಬಿಡುತ್ತದೆ, ಹಣ್ಣು ಕಟ್ಟುತ್ತದೆ, ಹಣ್ಣಿನೊಳಗೆ ಕಪ್ಪು ಬೀಜ ಇರುತ್ತದೆ. ಹಿಂದೆ ಇದನ್ನು ಲಿಲ್ಲಿ ಕುಟುಂಬದಲ್ಲಿ ಸೇರಿಸಿದ್ದರು. ಈಗ ಇದರದೇ ಹೆಸರಿನ ಆಸ್ಪರಾಗೇಸಿ ಕುಟುಂಬವಿದೆ. ನಮ್ಮ ಬೇಲಿಯ ಕತ್ತಾಳೆ, ಮಾರುಕಟ್ಟೆಯ ಸುಗಂಧರಾಜ ಕೂಡ ಅದೇ ಕುಟುಂಬದವು ಎಂದರೆ ಹಲವರಿಗೆ ಅಚ್ಚರಿಯಾಗಬಹುದು.

ಈ ಕುಲದ ದೊಡ್ಡ ವಿಶೇಷ ಇದರ ಹಸಿರು. ನಾವು ಎಲೆ ಎಂದುಕೊಳ್ಳುವ ನೂಲಿನಂಥ, ಸೂಜಿಯಂಥ ಅಥವಾ ಪಟ್ಟಿಯಂಥ ಭಾಗಗಳು ಕಾಂಡದ ಕಿರುಗವಲುಗಳೇ. ಎಲೆ ಮಾಡಬೇಕಾದ ಕೆಲಸವನ್ನು ಅವು ಮಾಡುತ್ತವೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಕ್ಲ್ಯಾಡೋಡ್ ಎನ್ನುತ್ತಾರೆ, ಇಲ್ಲಿ ಎಳೆ ಎನ್ನೋಣ. ನಿಜವಾದ ಎಲೆ ಸಣ್ಣ ಹುರುಪೆಯಾಗಿ ಕುಗ್ಗಿದೆ. ಕೆಲವು ಜಾತಿಗಳಲ್ಲಿ ಮುಖ್ಯ ಕಾಂಡದ ಮೇಲೆ ಆ ಹುರುಪೆಯ ಬುಡವೇ ಗಟ್ಟಿಯಾಗಿ ಮುಳ್ಳಾಗಿದೆ. ಒಣ ಪ್ರದೇಶಗಳಲ್ಲಿ ವಿಕಾಸಗೊಂಡ ಗಿಡಕ್ಕೆ ಇದರಿಂದ ಅನುಕೂಲ. ಅಗಲವಾದ ಎಲೆಯಿಲ್ಲದ ಕಾರಣ ನೀರು ಕಡಿಮೆ ಆವಿಯಾಗುತ್ತದೆ. ನೆಲದಡಿಯಲ್ಲೂ ಅದೇ ಏರ್ಪಾಡು. ಬಳಗದ ಹಲವು ಗಿಡಗಳ ಬೇರು ಉಬ್ಬಿಕೊಂಡು ನೀರನ್ನೂ ಆಹಾರವನ್ನೂ ಕೂಡಿಡುತ್ತದೆ. ಮೇಲೆ ಗಿಡ ಒಣಗಿ ಸತ್ತಂತೆ ಕಂಡರೂ ಬುಡಗಡ್ಡೆ ಜೀವಂತವಾಗಿರುತ್ತದೆ, ಮಳೆ ಬಿದ್ದೊಡನೆ ಚಿಗುರುತ್ತದೆ. ನೀರು ಎಷ್ಟು ಹಾಕಬೇಕು, ಯಾವಾಗ ಕೊಯ್ಯಬೇಕು, ಯಾವಾಗ ಸುಮ್ಮನಿರಬೇಕು ಎಂಬ ಎಲ್ಲ ಪ್ರಶ್ನೆಗಳಿಗೂ ಈ ಬೇರಿನ ಉಗ್ರಾಣವನ್ನು ನೆನಪಿಟ್ಟುಕೊಂಡೇ ಉತ್ತರ ಹುಡುಕಬೇಕು.

ಒಂದೊಂದನ್ನೇ ಗುರುತಿಸೋಣ

ತರಕಾರಿ ಆಸ್ಪರಾಗಸ್‌ಗೆ 1753ರಲ್ಲಿ ಲಿನೇಯಸ್ ಕೊಟ್ಟ ಹೆಸರು ಆಸ್ಪರಾಗಸ್ ಅಫಿಸಿನಾಲಿಸ್. ಅಂಗಡಿಯಲ್ಲಿ ಕಾಣುವುದು ಅದರ ಎಳೆಯ ದಂಟು ಮಾತ್ರ. ಕೊಯ್ಯದೆ ಬಿಟ್ಟರೆ ಆ ದಂಟು ಆಳೆತ್ತರಕ್ಕೆ ಬೆಳೆದು ಕವಲೊಡೆದು, ದೂರದಿಂದ ಎತ್ತರದ ಸಬ್ಬಸಿಗೆ ಗಿಡದಂತೆ ಕಾಣುತ್ತದೆ. ಎಳೆಗಳು ಮೃದು, ಕೈಗೆ ಚುಚ್ಚುವುದಿಲ್ಲ, ಮುಳ್ಳಿಲ್ಲ. ನಂಬಬಹುದಾದ ಮೊದಲ ಗುರುತು ಈ ಮುಳ್ಳಿಲ್ಲದ ಮೈ. ಬಳ್ಳಿಯಾಗಿ ಹಬ್ಬುವುದಿಲ್ಲ, ನೇರವಾಗಿ ನಿಲ್ಲುತ್ತದೆ. ಹೂವು ಹಳದಿ ಮಿಶ್ರಿತ ಹಸಿರು ಬಣ್ಣದ ಪುಟ್ಟ ಗಂಟೆಯಂತೆ ಜೋತುಬೀಳುತ್ತದೆ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೆಣ್ಣು ಗಿಡದಲ್ಲಿ ಮಾತ್ರ ಕೆಂಪು ಹಣ್ಣು.

ಹೂಗುಚ್ಛದ ಸೊಪ್ಪು ಆಸ್ಪರಾಗಸ್ ಸೆಟೇಸಿಯಸ್. ಹೂವಿನ ವ್ಯಾಪಾರಿಗಳಿಗೆ ಇದು ಹಳೆಯ ಹೆಸರಿನಿಂದ ‘ಪ್ಲುಮೋಸಸ್’ ಎಂದೇ ಪರಿಚಯ. ದಕ್ಷಿಣ ಆಫ್ರಿಕದ ಕಡೆಯ ಗಿಡ. ಇದರ ಎಳೆಗಳು ಕೂದಲಿನಷ್ಟು ಸಣ್ಣ, ಉದ್ದ ಒಂದು ಸೆಂಟಿಮೀಟರೂ ಇರುವುದಿಲ್ಲ. ಕವಲುಗಳೆಲ್ಲ ಒಂದೇ ಮಟ್ಟದಲ್ಲಿ ಚಪ್ಪಟೆಯಾಗಿ ಹರಡಿ ತ್ರಿಕೋನಾಕಾರದ ಹಾಸಿನಂತೆ ಕಾಣುತ್ತವೆ. ಈ ಚಪ್ಪಟೆತನ ಬಳಗದ ಬೇರೆ ಗಿಡಗಳಲ್ಲಿ ಇಷ್ಟು ಸ್ಪಷ್ಟವಾಗಿಲ್ಲ. ಗಿಡ ಚಿಕ್ಕದಿದ್ದಾಗ ಪೊದೆಯಂತೆ ಇರುತ್ತದೆ. ಬಲಿತ ಮೇಲೆ ತಂತಿಯಂಥ ದಂಟು ಹೊರಟು ಕಿಟಕಿಯ ಸರಳನ್ನೋ ಬೇಲಿಯನ್ನೋ ಸುತ್ತಿಕೊಂಡು ಏರುತ್ತದೆ, ಆ ದಂಟಿಗೆ ಚೂಪಾದ ಮುಳ್ಳೂ ಬರುತ್ತದೆ. ಹಣ್ಣು ಮಾಗಿದಾಗ ಕೆಂಪಾಗುವುದಿಲ್ಲ, ಕಪ್ಪು ನೇರಳೆ ಬಣ್ಣಕ್ಕೆ ತಿರುಗುತ್ತದೆ.

ತೂಗುಕುಂಡಗಳಲ್ಲಿ ಹೆಚ್ಚಾಗಿ ಇರುವುದು ‘ಸ್ಪ್ರೆಂಗೇರಿ’. ಇಟಲಿಯ ನೇಪಲ್ಸ್‌ನಲ್ಲಿ ನೆಲೆಸಿದ್ದ ಜರ್ಮನ್ ಸಸ್ಯ ವ್ಯಾಪಾರಿ ಕಾರ್ಲ್ ಸ್ಪ್ರೆಂಗರ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದನ್ನು ಯೂರೋಪಿನ ತೋಟಗಳಿಗೆ ಪರಿಚಯಿಸಿದರು, ಹೆಸರು ಅವರಿಂದ ಬಂದದ್ದು. ಬಹುಕಾಲ ಆಸ್ಪರಾಗಸ್ ಡೆನ್ಸಿಫ್ಲೋರಸ್ ಎಂಬ ಜಾತಿಗೆ ಇದನ್ನು ಸೇರಿಸಿದ್ದರು. ಸರಿಯಾದ ಜಾತಿ ಆಸ್ಪರಾಗಸ್ ಈಥಿಯೋಪಿಕಸ್. ನರ್ಸರಿಯವರು ಇಂದಿಗೂ ಹಳೆಯ ಹೆಸರನ್ನೇ ಬರೆದಿರುತ್ತಾರೆ, ಗೊಂದಲ ಮಾಡಿಕೊಳ್ಳಬೇಕಿಲ್ಲ. ದಂಟುಗಳು ಬಾಗಿ ಕುಂಡದ ಅಂಚಿನಿಂದ ಕೆಳಗೆ ಇಳಿಬೀಳುತ್ತವೆ. ಎಳೆಗಳು ಒಂದೆರಡು ಸೆಂಟಿಮೀಟರ್ ಉದ್ದದ ಚಪ್ಪಟೆ ಪಟ್ಟಿಗಳು, ತಿಳಿ ಹಸಿರು. ದಂಟನ್ನು ಬೆರಳಿನಿಂದ ಸವರಿದರೆ ಸಣ್ಣ ಮುಳ್ಳು ತಾಗುತ್ತದೆ. ಬಿಳಿ ಅಥವಾ ನಸುಗುಲಾಬಿ ಹೂವು, ಆಮೇಲೆ ಹೊಳೆಯುವ ಕೆಂಪು ಹಣ್ಣು. ಕುಂಡ ಬೋರಲು ಹಾಕಿದರೆ ಬೇರುಗಳ ನಡುವೆ ಬೆಳ್ಳನೆಯ ಗಡ್ಡೆಗಳು ಸಿಗುತ್ತವೆ.

ಇದರ ಪಕ್ಕದಲ್ಲೇ ಮಾರುವ ‘ಫಾಕ್ಸ್‌ಟೇಲ್’ ಅಥವಾ ‘ಮಯೇರಿ’ ನಿಜವಾದ ಡೆನ್ಸಿಫ್ಲೋರಸ್. ಒಂದೊಂದು ದಂಟೂ ಒಂದೂವರೆ ಎರಡು ಅಡಿ ಎತ್ತರಕ್ಕೆ ನೆಟ್ಟಗೆ ನಿಂತು, ಸುತ್ತಲೂ ಒತ್ತಾಗಿ ಎಳೆ ತುಂಬಿಕೊಂಡು, ತುದಿಯತ್ತ ಸಪೂರವಾಗಿ ನರಿಯ ಬಾಲದ ಆಕಾರ ಪಡೆಯುತ್ತದೆ. ಇದನ್ನು ಬೇರೆ ಯಾವುದರೊಂದಿಗೂ ಬೆರೆಸಲು ಸಾಧ್ಯವಿಲ್ಲ. ನನ್ನ ಮಟ್ಟಿಗೆ ಬಳಗದಲ್ಲೇ ಚೆಲುವಾದ ಕುಂಡದ ಗಿಡ ಇದು. ಸ್ಪ್ರೆಂಗೇರಿಯಷ್ಟು ಬೇಗ ಹಬ್ಬುವುದಿಲ್ಲ, ಆದರೆ ವರ್ಷವಿಡೀ ಆಕಾರ ಕೆಡುವುದಿಲ್ಲ. ಅಂಕುಡೊಂಕಾದ ಗಟ್ಟಿ ಕಾಂಡದ ಮೇಲೆ ಅಲ್ಲಲ್ಲಿ ಹಸಿರು ಕುಚ್ಚು ಕಟ್ಟಿದಂತಿರುವ ‘ಮಿಂಗ್’ ಎಂಬುದೂ ಕೆಲವು ನರ್ಸರಿಗಳಲ್ಲಿ ಸಿಗುತ್ತದೆ.

ಇನ್ನು ನಮ್ಮ ಶತಾವರಿ, ಆಸ್ಪರಾಗಸ್ ರೆಸಿಮೋಸಸ್. ಹಲವು ಮಕ್ಕಳ ತಾಯಿ ಬೇರು, ಆಷಾಢಿ ಬೇರು, ಮಜ್ಜಿಗೆ ಗಡ್ಡೆ ಎಂದೆಲ್ಲ ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು. ಒಣ ಎಲೆಯುದುರುವ ಕಾಡು, ಕುರುಚಲು ಗುಡ್ಡ, ಹೊಲದ ಬೇಲಿ ಇದರ ನೆಲೆ. ಕಾಂಡ ಕಟ್ಟಿಗೆಯಂತೆ ಗಟ್ಟಿಯಾಗಿ, ಬೇರೆ ಗಿಡಗಳನ್ನು ಆಸರೆ ಹಿಡಿದು ಏರುತ್ತದೆ. ಮುಳ್ಳುಗಳು ದೊಡ್ಡವು, ಹಿಂದಕ್ಕೆ ಬಾಗಿದವು, ಬಟ್ಟೆಗೆ ಸಿಕ್ಕಿದರೆ ಬಿಡುವುದಿಲ್ಲ. ಎಳೆಗಳು ಎರಡರಿಂದ ಆರರ ಗುಂಪಿನಲ್ಲಿ, ಕುಡುಗೋಲಿನಂತೆ ತುಸು ಬಾಗಿರುತ್ತವೆ. ಮಳೆಗಾಲ ಮುಗಿಯುವ ಹೊತ್ತಿಗೆ ಗೊಂಚಲು ಗೊಂಚಲಾಗಿ ಬಿಳಿ ಹೂ ಬಿಟ್ಟಾಗ ಅದರ ಪರಿಮಳ ಗಿಡ ಕಾಣುವ ಮೊದಲೇ ತಿಳಿಯುತ್ತದೆ. ಬುಡ ಅಗೆದರೆ ಬೆರಳಿನಷ್ಟು ದಪ್ಪದ, ಎರಡೂ ತುದಿ ಸಪೂರವಾದ ಬೆಳ್ಳನೆಯ ಬೇರುಗಳ ದೊಡ್ಡ ಗೊಂಚಲೇ ಸಿಗುತ್ತದೆ. ಪಶ್ಚಿಮ ಘಟ್ಟದಲ್ಲಿ ಆಸ್ಪರಾಗಸ್ ಗೋನೋಕ್ಲಾಡೋಸ್ ಎಂಬ ಹತ್ತಿರದ ನೆಂಟನೂ ಇದೆ. ಅದನ್ನೂ ಜನ ಶತಾವರಿ ಎಂದೇ ಕರೆಯುತ್ತಾರೆ. ಎಳೆಗಳು ಹೆಚ್ಚು ಉದ್ದ, ಹೆಚ್ಚು ಚಪ್ಪಟೆ.

ಕಾಡಿನಲ್ಲಿ ಗಡ್ಡೆ ಅಗೆಯುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಅದೇ ಮಳೆಯಲ್ಲಿ, ಅದೇ ಪೊದೆಗಳ ನಡುವೆ ಅಗ್ನಿಶಿಖೆಯ ಬಳ್ಳಿಯೂ ಏಳುತ್ತದೆ. ಗೌರಿ ಹೂವು ಎಂದು ಹಬ್ಬಕ್ಕೆ ತರುವುದು ಇದನ್ನೇ. ಅದರ ಗಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ, ತಿಂದರೆ ಪ್ರಾಣಕ್ಕೇ ಅಪಾಯ. ಅಗ್ನಿಶಿಖೆಗೆ ಅಗಲವಾದ ನಿಜವಾದ ಎಲೆಗಳಿವೆ, ಎಲೆಯ ತುದಿ ಕುಡಿಯಾಗಿ ಸುರುಳಿ ಸುತ್ತಿಕೊಂಡು ಆಸರೆ ಹಿಡಿಯುತ್ತದೆ. ಗಡ್ಡೆ ಒಂದೋ ಎರಡೋ ಕವಲಿನದು, ಗೊಂಚಲಲ್ಲ. ಮೇಲಿನ ಬಳ್ಳಿಯನ್ನು ನೋಡದೆ ಬರೀ ಗಡ್ಡೆ ನೋಡಿ ಯಾವುದನ್ನೂ ಬಾಯಿಗೆ ಹಾಕಿಕೊಳ್ಳಬೇಡಿ.

ಕುಂಡದ ಗಿಡದ ಆರೈಕೆ

ಅಲಂಕಾರದ ಆಸ್ಪರಾಗಸ್ ಗಿಡಗಳು ಹೆಚ್ಚಾಗಿ ಸಾಯುವುದು ನೀರು ಜಾಸ್ತಿಯಾಗಿ. ಹೆಸರಿನಲ್ಲಿರುವ ‘ಫರ್ನ್’ ಇದಕ್ಕೆ ಮುಖ್ಯ ಕಾರಣ ಎಂದು ನನ್ನ ಅನಿಸಿಕೆ. ಜರಿಗಿಡಕ್ಕೆ ಸದಾ ತೇವ ಬೇಕು ಎಂದು ತಿಳಿದವರು ಇದಕ್ಕೂ ದಿನವೂ ನೀರೆರೆಯುತ್ತಾರೆ. ಗಡ್ಡೆಯಲ್ಲಿ ನೀರು ತುಂಬಿಕೊಂಡಿರುವ ಸ್ಪ್ರೆಂಗೇರಿ, ಮಯೇರಿಗಳಿಗೆ ಅದು ಬೇಡ. ಮೇಲಿನ ಒಂದಂಗುಲ ಮಣ್ಣು ಒಣಗಿದೆ ಎಂದು ಬೆರಳಿಟ್ಟು ನೋಡಿಕೊಂಡು, ಆಮೇಲೆ ಕುಂಡದ ತಳದಿಂದ ಹರಿದು ಹೋಗುವಷ್ಟು ನೀರು ಕೊಡಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೊಮ್ಮೆ, ಮಳೆಗಾಲದಲ್ಲಿ ಸೂರಿನಡಿ ಇದ್ದರೆ ವಾರಕ್ಕೊಮ್ಮೆ ಸಾಕಾಗಬಹುದು. ಕೂದಲಿನಂಥ ಎಳೆಯ ಪ್ಲುಮೋಸಸ್ ಮಾತ್ರ ಒಣಹವೆಯನ್ನು ತಡೆಯದು, ಅದಕ್ಕೆ ತುಸು ಹೆಚ್ಚು ತೇವವಿರಲಿ.

ಬೆಳಕು ಚೆನ್ನಾಗಿರಬೇಕು, ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳಬಾರದು. ಪೂರ್ವದ ವರಾಂಡ, ಮರದಡಿಯ ಚುಕ್ಕೆ ಬಿಸಿಲು ಹೇಳಿಮಾಡಿಸಿದ ಜಾಗ. ಬಿಸಿಲು ಹೆಚ್ಚಾದರೆ ಗಿಡ ಹಳದಿಗೆ ತಿರುಗುತ್ತದೆ. ಕತ್ತಲ ಮೂಲೆಯಲ್ಲಿಟ್ಟರೂ ಹಳದಿಯಾಗಿ ಎಳೆ ಉದುರಿಸುತ್ತದೆ. ನೀರು ಹೆಚ್ಚಾದರೂ ಹಳದಿ. ಹಾಗಾಗಿ ಹಳದಿ ಕಂಡೊಡನೆ ಗೊಬ್ಬರ ಸುರಿಯದೆ, ಮೊದಲು ಮಣ್ಣು ಮುಟ್ಟಿ ನೋಡಿ. ಒದ್ದೆಯಾಗಿ ವಾಸನೆ ಬರುತ್ತಿದ್ದರೆ ಬೇರು ಕೊಳೆಯುತ್ತಿದೆ ಎಂದರ್ಥ. ಗಿಡ ಹೊರತೆಗೆದು, ಮೆತ್ತಗಾದ ಬೇರು ಕತ್ತರಿಸಿ, ಹೊಸ ಮಣ್ಣಿಗೆ ನೆಡಬೇಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು, ಈ ಮಿಶ್ರಣ ನೀರು ಬಸಿಯಲು ಒಳ್ಳೆಯದು.

ಬೇರಿನ ಬಲವನ್ನು ಕಡೆಗಣಿಸಬಾರದು. ಒಂದೆರಡು ವರ್ಷದಲ್ಲಿ ಕುಂಡವೆಲ್ಲ ಗಡ್ಡೆ ತುಂಬಿ, ಮಣ್ಣಿಗೇ ಜಾಗವಿಲ್ಲದಂತಾಗುತ್ತದೆ. ತೆಳು ಪ್ಲಾಸ್ಟಿಕ್ ಕುಂಡ ಉಬ್ಬುತ್ತದೆ, ಮಣ್ಣಿನದು ಬಿರಿಯುವುದೂ ಉಂಟು. ಆಗ ಗಿಡ ಹೊರಗೆಳೆದು ಚೂಪಾದ ಚಾಕುವಿನಿಂದ ಭಾಗ ಮಾಡಿ ನೆಡಿ. ಇದಕ್ಕೆ ಸರಿಯಾದ ಹೊತ್ತು ಜೂನ್ ಜುಲೈ. ಪ್ರತಿ ಭಾಗದಲ್ಲೂ ಬುಡಗಡ್ಡೆಯ ತುಣುಕು ಮತ್ತು ಒಂದೆರಡು ಮೊಗ್ಗು ಇರಲೇಬೇಕು. ಬೇರಿಗೆ ಅಂಟಿದ ಬಿಡಿ ಗಡ್ಡೆಗಳನ್ನು ಆಲೂಗಡ್ಡೆ ನೆಟ್ಟಂತೆ ನೆಡುವವರಿದ್ದಾರೆ. ಅವು ನೀರಿನ ಚೀಲಗಳಷ್ಟೇ, ಚಿಗುರುವುದಿಲ್ಲ.

ಕತ್ತರಿಸುವುದರಲ್ಲೂ ಒಂದು ಸೂಕ್ಷ್ಮವಿದೆ. ದಾಸವಾಳದಂತೆ ತುದಿ ಕತ್ತರಿಸಿದರೆ ಪಕ್ಕದಿಂದ ಹೊಸ ಕವಲು ಬರುವುದಿಲ್ಲ. ಹೊಸ ದಂಟುಗಳೆಲ್ಲ ಬುಡದಿಂದಲೇ ಬರುತ್ತವೆ. ಹಳೆಯ, ಹಳದಿಯಾದ, ಬೋಳಾದ ದಂಟನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಸಿ. ಇಡೀ ಗಿಡವೇ ಸೊರಗಿದ್ದರೆ ಎಲ್ಲವನ್ನೂ ಬುಡಕ್ಕೆ ಕತ್ತರಿಸಿ ನೆರಳಿನಲ್ಲಿಟ್ಟು, ಮಿತವಾಗಿ ನೀರು ಕೊಟ್ಟರೆ ಆರೋಗ್ಯವಾದ ಬೇರಿರುವ ಗಿಡ ಮತ್ತೆ ತುಂಬಿಕೊಳ್ಳುತ್ತದೆ. ಕತ್ತರಿಸುವಾಗ ಕೈಗವಸು ಹಾಕಿಕೊಳ್ಳಿ, ಮುಳ್ಳಿಗಷ್ಟೇ ಅಲ್ಲ, ರಸ ತಾಗಿದರೆ ಕೆಲವರ ಚರ್ಮ ತುರಿಸುತ್ತದೆ. ಬೇಸಿಗೆಯ ಒಣಹವೆಯಲ್ಲಿ ಕೆಂಪು ನುಸಿ ಬರುತ್ತದೆ, ಎಳೆಗಳ ನಡುವೆ ಸಣ್ಣ ಜೇಡರಬಲೆಯಂತೆ ಕಾಣುತ್ತದೆ. ರಭಸದ ನೀರಿನಿಂದ ತೊಳೆದು, ಬೇವಿನೆಣ್ಣೆ ಬೆರೆಸಿದ ಸೋಪಿನ ನೀರನ್ನು ಸಂಜೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ.

ಕೆಂಪು ಹಣ್ಣುಗಳು ಮಕ್ಕಳ ಕಣ್ಣಿಗೆ ಬೀಳುತ್ತವೆ. ತಿಂದರೆ ವಾಂತಿ, ಹೊಟ್ಟೆನೋವು, ಭೇದಿ ಆಗಬಹುದು. ನಾಯಿ ಬೆಕ್ಕುಗಳಿಗೂ ಅಷ್ಟೇ. ಮಗು ಇರುವ ಮನೆಯಲ್ಲಿ ಹಣ್ಣು ಕಟ್ಟಿದೊಡನೆ ಕಿತ್ತುಹಾಕುವುದು ಕ್ಷೇಮ.

ತರಕಾರಿ ಆಸ್ಪರಾಗಸ್ ನಮ್ಮ ಹವೆಯಲ್ಲಿ

ಇದು ತಂಪು ನಾಡಿನ ಬೆಳೆ. ಚಳಿಗಾಲದಲ್ಲಿ ಗಿಡ ಒಣಗಿ, ಬೇರು ಮಲಗಿ, ವಸಂತದಲ್ಲಿ ನೆಲ ಬೆಚ್ಚಗಾದೊಡನೆ ದಂಟು ಎಬ್ಬಿಸುವುದು ಅದರ ಸಹಜ ಚಕ್ರ. ಜರ್ಮನಿಯಲ್ಲಿ ವಸಂತದ ಈ ಕೊಯ್ಲು ದೊಡ್ಡ ಸಂಭ್ರಮ. ಅಲ್ಲಿರುವ ಕನ್ನಡಿಗರು ಮಾರುಕಟ್ಟೆಯಲ್ಲಿ ಬಿಳಿ ದಂಟಿನ ರಾಶಿ ನೋಡಿಯೇ ಇರುತ್ತಾರೆ. ಬಿಳಿಯದು ಬೇರೆ ಜಾತಿಯಲ್ಲ, ದಂಟಿನ ಮೇಲೆ ಮಣ್ಣು ಏರಿಸಿ ಬೆಳಕು ತಾಗದಂತೆ ಬೆಳೆಸಿದ್ದು. ಅಲ್ಲಿನ ರೈತರು ಜೂನ್ 24ಕ್ಕೆ ಕೊಯ್ಲು ನಿಲ್ಲಿಸುತ್ತಾರೆ. ಆಮೇಲೆ ಬರುವ ದಂಟನ್ನೆಲ್ಲ ಗಿಡವಾಗಲು ಬಿಡುತ್ತಾರೆ. ಆ ಹಸಿರು ಬೇಸಿಗೆಯಿಡೀ ದುಡಿದು ಮುಂದಿನ ವರ್ಷದ ಕೊಯ್ಲಿಗೆ ಬೇಕಾದ ಆಹಾರವನ್ನು ಬೇರಿಗೆ ಇಳಿಸಬೇಕಲ್ಲ. ಚಳಿಯೇ ಇಲ್ಲದ ಪೆರು ದೇಶದ ಕರಾವಳಿ ಮರುಭೂಮಿಯಲ್ಲಿ ನೀರು ನಿಲ್ಲಿಸಿ ಗಿಡವನ್ನು ಮಲಗಿಸುತ್ತಾರೆ, ಮತ್ತೆ ನೀರು ಬಿಟ್ಟು ಎಬ್ಬಿಸುತ್ತಾರೆ.

ನಮ್ಮಲ್ಲಿ ಬೆಂಗಳೂರು, ಕೋಲಾರ, ಹಾಸನ, ಚಿಕ್ಕಮಗಳೂರಿನ ಕಡೆ ಗಡ್ಡೆ ಮಲಗುವಷ್ಟು ಚಳಿ ಇಲ್ಲ. ಮಳೆಗಾಲದಲ್ಲಿ ನೀರು ನಿಲ್ಲಿಸುವುದು ಸಾಧ್ಯವೂ ಇಲ್ಲ. ಹೀಗಾಗಿ ತೈವಾನ್, ಥಾಯ್ಲೆಂಡ್‌ಗಳಲ್ಲಿ ರೂಢಿಯಲ್ಲಿರುವ ತಾಯಿದಂಟು ಪದ್ಧತಿ ನಮಗೆ ಸರಿಹೊಂದುತ್ತದೆ. ಪ್ರತಿ ಬುಡದಲ್ಲೂ ಮೂರರಿಂದ ಐದು ಆರೋಗ್ಯವಾದ ದಂಟುಗಳನ್ನು ಕೊಯ್ಯದೆ ಗಿಡವಾಗಲು ಬಿಡಬೇಕು. ಅವು ತಾಯಿದಂಟು. ಅವು ಬೇರಿಗೆ ಆಹಾರ ಉಣಿಸುತ್ತಿರುವಾಗಲೇ ಪಕ್ಕದಿಂದ ಬರುವ ಹೊಸ ದಂಟುಗಳನ್ನು ಕೊಯ್ಯಬೇಕು. ಎರಡು ಮೂರು ತಿಂಗಳಾಗಿ ತಾಯಿದಂಟು ಹಳದಿಯಾಗತೊಡಗಿದಾಗ ಹೊಸದಾಗಿ ಮೂರು ನಾಲ್ಕನ್ನು ಬೆಳೆಯಲು ಬಿಟ್ಟು, ಹಳೆಯವನ್ನು ಬುಡಕ್ಕೆ ಕತ್ತರಿಸಿ ತೆಗೆಯಬೇಕು. ಒಂದೇ ಸಲ ರಾಶಿ ಸಿಗುವುದಿಲ್ಲ, ವರ್ಷದ ಬಹುಭಾಗ ಸ್ವಲ್ಪ ಸ್ವಲ್ಪ ಸಿಗುತ್ತಿರುತ್ತದೆ. ಮನೆಗೆ ಅದೇ ಅನುಕೂಲ.

ನೆಡಲು ಬುಡಗಡ್ಡೆ ನಮ್ಮಲ್ಲಿ ಸುಲಭಕ್ಕೆ ಸಿಗದು, ಬೀಜದಿಂದಲೇ ಶುರು ಮಾಡಬೇಕು. ‘ಮೇರಿ ವಾಷಿಂಗ್ಟನ್’ ಹಳೆಯ, ನಂಬಿಕೆಯ ತಳಿ. ‘ಯುಸಿ 157’ ಬೆಚ್ಚನೆಯ ಪ್ರದೇಶಗಳಲ್ಲಿ ಹೆಚ್ಚು ಬೆಳೆಯುವ ಹೈಬ್ರಿಡ್. ಬೀಜವನ್ನು ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಒಂದು ಸೆಂಟಿಮೀಟರ್ ಆಳಕ್ಕೆ ಊರಿ. ಮೊಳೆಯಲು ಎರಡರಿಂದ ನಾಲ್ಕು ವಾರ ಬೇಕು, ಅವಸರ ಪಟ್ಟು ಕೆದಕಬೇಡಿ. ಮೊದಲು ಬರುವುದು ಹಸಿರು ದಾರದಂಥ ಒಂದು ಎಳೆ. ಕಳೆಯೆಂದು ಕಿತ್ತುಬಿಡುವಷ್ಟು ಸಣ್ಣದು.

ಮೂರು ತಿಂಗಳ ಸಸಿಯನ್ನು ಏರುಮಡಿಗೆ ಸಾಗಿಸಿ. ನೀರು ನಿಂತರೆ ಈ ಗಿಡ ಉಳಿಯದು. ಒಂದೇ ಜಾಗದಲ್ಲಿ ಹತ್ತು ಹದಿನೈದು ವರ್ಷ ಇರುವ ಬೆಳೆಯಾದ್ದರಿಂದ ಮಡಿ ಸಿದ್ಧಮಾಡುವಾಗ ಧಾರಾಳವಾಗಿ ಗೊಬ್ಬರ ಸೇರಿಸಬೇಕು. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ಸಾಲಿನಿಂದ ಸಾಲಿಗೆ ನಾಲ್ಕರಿಂದ ಐದು ಅಡಿ. ಮಣ್ಣಿನ ರಸಸಾರ 6.5ರಿಂದ 7.5ರ ನಡುವೆ ಇದ್ದರೆ ಚೆನ್ನ. ಮಲೆನಾಡಿನ ಹುಳಿ ಮಣ್ಣಿಗೆ ಸುಣ್ಣ ಹಾಕಬೇಕಾದೀತು. ತಾರಸಿಯಲ್ಲಿ ಬೆಳೆಸುವವರು ಒಂದೂವರೆ ಅಡಿಗಿಂತ ಕಡಿಮೆ ಆಳದ ಕುಂಡ ಬಳಸಬಾರದು.

ಮೊದಲ ವರ್ಷ ಒಂದು ದಂಟನ್ನೂ ಮುಟ್ಟಬೇಡಿ. ಎರಡನೆಯ ವರ್ಷ ರುಚಿ ನೋಡುವಷ್ಟು ಮಾತ್ರ. ಮೂರನೆಯ ವರ್ಷದಿಂದ ಸರಿಯಾದ ಕೊಯ್ಲು. ಇಷ್ಟು ಕಾಯಲಾಗದವರು ಈ ಬೆಳೆಗೆ ಕೈಹಾಕದಿರುವುದೇ ಮೇಲು. ದಂಟು ವರ್ಷ ವರ್ಷಕ್ಕೆ ದಪ್ಪವಾಗುತ್ತಿದ್ದರೆ ಬೇರು ಬಲಿಯುತ್ತಿದೆ ಎಂದು ತಿಳಿಯಿರಿ. ಪೆನ್ಸಿಲಿಗಿಂತ ತೆಳುವಾಗತೊಡಗಿದರೆ ಹೆಚ್ಚು ಕೊಯ್ದಿದ್ದೀರಿ, ಕೆಲವು ತಿಂಗಳು ಕೈ ಬಿಡಿ. ಹೆಣ್ಣು ಗಿಡ ಹಣ್ಣು ಬೀಜಕ್ಕೆ ಶಕ್ತಿ ಸುರಿಯುವುದರಿಂದ ಗಂಡು ಗಿಡದಲ್ಲೇ ದಂಟು ಹೆಚ್ಚು. ಹಾಗೆಂದು ಹೆಣ್ಣು ಗಿಡ ಕಿತ್ತೆಸೆಯಬೇಕಿಲ್ಲ, ಮನೆಯ ಬಳಕೆಗೆ ಎರಡೂ ಆದೀತು.

ಕೊಯ್ಯುವುದು ಬೆಳಗ್ಗೆ. ಆರೇಳು ಅಂಗುಲ ಎತ್ತರವಾಗಿ ತುದಿ ಇನ್ನೂ ಬಿಗಿಯಾಗಿ ಮುಚ್ಚಿರುವಾಗ ನೆಲಮಟ್ಟಕ್ಕೆ ಕತ್ತರಿಸಬೇಕು. ನಮ್ಮ ಬಿಸಿಲಿಗೆ ಒಂದು ದಿನ ತಡವಾದರೂ ತುದಿ ಬಿಚ್ಚಿಕೊಂಡು ದಂಟು ನಾರಾಗುತ್ತದೆ. ಕೊಯ್ದೊಡನೆ ಅದರ ಸಿಹಿ ಇಳಿಯತೊಡಗುತ್ತದೆ. ಅದೇ ದಿನ ಬೇಯಿಸಿದ ಮನೆಯ ದಂಟಿಗೆ ಇರುವ ರುಚಿ ವಾರಗಟ್ಟಲೆ ಶೀತಲಪೆಟ್ಟಿಗೆಯಲ್ಲಿದ್ದುದಕ್ಕೆ ಬರಲಾರದು. ಬುಡದ ಸಿಪ್ಪೆ ಹೆರೆದು, ಸಾಸಿವೆ ಒಗ್ಗರಣೆಯಲ್ಲಿ ನಾಲ್ಕು ನಿಮಿಷ ಬಾಡಿಸಿ ಕಾಯಿತುರಿ ಹಾಕಿದರೆ ಸಾಕು, ಹೆಚ್ಚು ಬೇಯಿಸಿದರೆ ಲೋಳೆಯಾಗುತ್ತದೆ.

ಮಳೆಗಾಲದಲ್ಲಿ ಶತ್ರುವೆಂದರೆ ಶಿಲೀಂಧ್ರ. ದಂಟಿನ ಮೇಲೆ ಕಂದು ಗಾಯದಂಥ ಕಲೆ ಬಂದು ಮೇಲಿನ ಹಸಿರು ಒಣಗುತ್ತದೆ. ತೇವದ ಹವೆಯ ಏಷ್ಯಾದ ನಾಡುಗಳಲ್ಲೆಲ್ಲ ಈ ಕಾಂಡ ಒಣಗುವ ರೋಗ ಇದ್ದದ್ದೇ. ಗಿಡಕ್ಕೆ ಮೇಲಿನಿಂದ ನೀರು ಹಾಕದೆ ಹನಿ ನೀರಾವರಿ ಮಾಡುವುದು, ರೋಗದ ದಂಟನ್ನು ಕತ್ತರಿಸಿ ಸುಡುವುದು, ಸಾಧ್ಯವಾದರೆ ಮಡಿಯ ಮೇಲೆ ಪಾರದರ್ಶಕ ಹಾಳೆಯ ಮಾಡು ಕಟ್ಟುವುದು, ಈ ಮೂರರಿಂದ ಹೆಚ್ಚಿನ ಹಾನಿ ತಪ್ಪುತ್ತದೆ.

ಶತಾವರಿಗೆ ಹಿತ್ತಲಲ್ಲಿ ಒಂದು ಜಾಗ

ತರಕಾರಿ ಆಸ್ಪರಾಗಸ್‌ಗೆ ಪಡುವ ಪಾಡಿನ ಕಾಲುಭಾಗವೂ ಶತಾವರಿಗೆ ಬೇಡ. ಈ ನೆಲದ ಗಿಡ, ಈ ಮಳೆ ಬಿಸಿಲಿಗೆ ಹೊಂದಿಕೊಂಡದ್ದು. ಮಾಗಿದ ಹಣ್ಣಿನ ತಿರುಳು ಉಜ್ಜಿ ತೆಗೆದು, ಕಪ್ಪು ಬೀಜವನ್ನು ನೆನೆಸಿ ಮುಂಗಾರಿನ ಆರಂಭಕ್ಕೆ ಬಿತ್ತಿದರೆ ಮೂರು ನಾಲ್ಕು ವಾರದಲ್ಲಿ ಮೊಳೆಯುತ್ತದೆ. ಎರಡಡಿ ಅಂತರದಲ್ಲಿ ನೆಟ್ಟು, ಹಬ್ಬಲು ಬೇಲಿಯನ್ನೋ ಕೋಲನ್ನೋ ಕೊಡಿ. ಸಡಿಲ ಮಣ್ಣಿದ್ದರೆ ಬೇರು ಉದ್ದವಾಗಿ ಇಳಿಯುತ್ತದೆ, ಅಗೆಯಲೂ ಸುಲಭ. ಮುಳ್ಳಿರುವುದರಿಂದ ದಾರಿಯ ಪಕ್ಕ ನೆಡಬಾರದು.

ಬೇರು ಬಲಿಯಲು ಒಂದೂವರೆಯಿಂದ ಎರಡು ವರ್ಷ ಬೇಕು. ಮಳೆ ಮುಗಿದು, ಹೂ ಹಣ್ಣು ಕಳೆದು, ಬಳ್ಳಿ ಹಳದಿಯಾದಾಗ ಅಗೆಯಬೇಕು. ಹಸಿಯಿರುವಾಗಲೇ, ಅಥವಾ ಬಿಸಿನೀರಿನಲ್ಲಿ ತುಸು ಹೊತ್ತು ಹಾಕಿ, ಮೇಲಿನ ಸಿಪ್ಪೆ ಸುಲಿದು ಮಧ್ಯದ ನಾರನ್ನು ಎಳೆದು ತೆಗೆದು ಒಣಗಿಸುತ್ತಾರೆ. ಒಣಗಿದ ಮೇಲೆ ಸಿಪ್ಪೆ ಬಿಡಿಸುವುದು ಬಹಳ ಕಷ್ಟ. ಬಾಣಂತಿಯರ ಎದೆಹಾಲಿಗೆ ಒಳ್ಳೆಯದೆಂದು ಆಯುರ್ವೇದದಲ್ಲೂ ಮನೆಮದ್ದಿನಲ್ಲೂ ಇದನ್ನು ಕೊಡುವ ಪದ್ಧತಿ ಹಳೆಯದು. ಪುಡಿಯಾಗಿ ಸಿಗುವುದರಲ್ಲಿ ಏನು ಬೆರೆತಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಆದ್ದರಿಂದ ಇಡೀ ಬೇರನ್ನೇ ಕೊಳ್ಳುವುದು ಒಳ್ಳೆಯದು, ಔಷಧಿಯಾಗಿ ತೆಗೆದುಕೊಳ್ಳುವ ಮೊದಲು ವೈದ್ಯರನ್ನು ಕೇಳುವುದು ಇನ್ನೂ ಒಳ್ಳೆಯದು. ಬೇರೆ ಮಾತ್ರೆ ನುಂಗುವವರು, ಗರ್ಭಿಣಿಯರು ತಾವೇ ಪ್ರಯೋಗ ಮಾಡಿಕೊಳ್ಳಬಾರದು.

ಕಾಡಿನ ಶತಾವರಿಯನ್ನು ಅಗೆದು ತರುವುದರ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ. ಬೇರಿಗಾಗಿ ಕೊಯ್ಯುವ ಗಿಡವೆಂದರೆ ಒಂದು ಸಲ ಅಗೆದರೆ ಗಿಡವೇ ಹೋಯಿತು. ಹೂ ಬಿಟ್ಟು ಬೀಜ ಉದುರಿಸುವ ಮೊದಲೇ ಅಗೆದರೆ ಅದರ ಸಂತತಿಯೂ ಹೋಯಿತು. ಹಿತ್ತಲಲ್ಲಿ ನಾಲ್ಕು ಬುಡ ಬೆಳೆಸಿದರೆ ಒಂದು ಮನೆಗೆ ಧಾರಾಳ. ಬೇರು ಕಿತ್ತ ಮೇಲೆ ಮೊಗ್ಗಿರುವ ಬುಡಗಡ್ಡೆಯನ್ನು, ಅಂಟಿರುವ ನಾಲ್ಕಾರು ಬೇರಿನೊಂದಿಗೆ, ಅದೇ ಗುಂಡಿಗೆ ಹಾಕಿ ಮಣ್ಣು ಮುಚ್ಚಿದರೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ.

ಹೊರಗಿನಿಂದ ಬಂದ ಅಲಂಕಾರದ ಜಾತಿಗಳ ಬಗ್ಗೆ ತದ್ವಿರುದ್ಧವಾದ ಎಚ್ಚರ ಬೇಕು. ತೋಟಕ್ಕೆಂದು ಆಸ್ಟ್ರೇಲಿಯಕ್ಕೆ ಒಯ್ದ ಆಸ್ಪರಾಗಸ್ ಆಸ್ಪರಾಗಾಯ್ಡಿಸ್ ಎಂಬ ಬಳ್ಳಿ ಅಲ್ಲಿನ ಕಾಡುಗಳನ್ನು ಮುಚ್ಚಿಹಾಕಿ, 1999ರಲ್ಲಿ ಆ ದೇಶದ ಅತಿ ಅಪಾಯಕಾರಿ ಕಳೆಗಳ ಪಟ್ಟಿಗೆ ಸೇರಿತು. ನಮ್ಮ ತೂಗುಕುಂಡದ ಸ್ಪ್ರೆಂಗೇರಿ ಕೂಡ ಆಸ್ಟ್ರೇಲಿಯ, ಫ್ಲೋರಿಡಾ, ಹವಾಯಿಗಳಲ್ಲಿ ಕಳೆಯಾಗಿದೆ. ಹಕ್ಕಿಗಳು ಹಣ್ಣು ತಿಂದು ಬೀಜ ಹರಡುತ್ತವೆ, ಜನ ಕತ್ತರಿಸಿದ ಬುಡವನ್ನು ಕಾಡಂಚಿನಲ್ಲಿ ಸುರಿಯುತ್ತಾರೆ, ಅಷ್ಟು ಸಾಕು. ಕೊಡಗು, ಚಿಕ್ಕಮಗಳೂರು, ಸಕಲೇಶಪುರ, ಶಿರಸಿಯ ಕಡೆ ಕಾಡಿಗೆ ತಾಗಿದ ಮನೆ, ಹೋಂಸ್ಟೇಗಳಲ್ಲಿ ಈ ಗಿಡ ಇಟ್ಟಿರುವವರು ಹಣ್ಣು ಕೆಂಪಾಗುವ ಮೊದಲೇ ಕಿತ್ತುಬಿಡಿ. ಬೇಡವಾದ ಬುಡಗಡ್ಡೆಯನ್ನು ಹಳ್ಳಕ್ಕೋ ಕಾಡಿಗೋ ಎಸೆಯದೆ, ಬಿಸಿಲಲ್ಲಿ ಪೂರ್ತಿ ಒಣಗಿಸಿ ಸುಟ್ಟುಬಿಡಿ.